ತಕ್ಕಡಿ ಜುರಂದಿರ್ ಮತ್ತು ಅಡುಗೆಮನೆಯ ಕ್ಯಾಲೆಂಡರ್

ನಮ್ಮ ಸಾವೊ ಜೋಸೆ ಊರಿನಲ್ಲಿ ಹೊಟ್ಟೆಕಿಚ್ಚು ಪಡದವರು ಇಬ್ಬರೇ. ಒಬ್ಬರು ಇಗರ್ಜಿಯೊಳಗೆ ಕೈಯಲ್ಲಿ ಹೂ ಹಿಡಿದು ನಿಂತಿರುವ ಸಂತ ಜೋಸೆಫರು, ಇನ್ನೊಬ್ಬ ಫೋಟೊ ಎವರಿಸ್ಟೊ. ಸಂತರು ಕಲ್ಲಿನವರು, ಅವರನ್ನು ಜುರಂದಿರ್ ಹೇಗೋ ಸಹಿಸಿಕೊಂಡಿದ್ದ. ಎವರಿಸ್ಟೊನನ್ನು ಸಹಿಸಿಕೊಳ್ಳುವುದು ಮಾತ್ರ ಅವನಿಗೆ ಬದುಕಿಡೀ ಸಂಬಳವಿಲ್ಲದ ಇನ್ನೊಂದು ಕೆಲಸವಾಗಿಬಿಟ್ಟಿತು.

ಇಬ್ಬರೂ ಒಂದೇ ಸೋಮವಾರ, ಒಂದೇ ಬಸ್ಸಿನಿಂದ ಇಳಿದು, ಗಾಳಿ ಸುರಂಗದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದವರು. ಆಗ ಇಬ್ಬರಿಗೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಜುರಂದಿರನ ಅಪ್ಪ ಕಂಬಳಿ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಂಡಿದ್ದವನು. ಮಗನನ್ನು ಶಾಲೆ ಮುಗಿಯುತ್ತಲೇ ಸೋದರಮಾವನ ಗಡಿಯಾರದ ಅಂಗಡಿಗೆ ಅಟ್ಟುತ್ತಿದ್ದ. ಅಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮಟದಲ್ಲಿ ಹಿಡಿದು ಹಿಡಿದು ಹುಡುಗನ ಬೆರಳು ಪಳಗಿತ್ತು. ಎವರಿಸ್ಟೊ ಪಕ್ಕದ ಕಸಪಾವಾ ಊರಿನವನು, ಮದುವೆ ಫೋಟೊ ತೆಗೆಯುವವನ ಮಗ. ಪ್ರಯೋಗಾಲಯದವರು ಬೆರಳು ನೋಡಿ ಒಬ್ಬನನ್ನು ತಕ್ಕಡಿಯ ಕೋಣೆಗೆ ಕಳಿಸಿದರು, ಕಣ್ಣು ನೋಡಿ ಇನ್ನೊಬ್ಬನನ್ನು ಕ್ಯಾಮೆರಾದ ಕೋಣೆಗೆ ಕಳಿಸಿದರು. ಜುರಂದಿರನ ಹಣೆಬರಹ ಅಂದೇ ಬರೆದಾಯಿತು.

ತಕ್ಕಡಿ ಎಂದರೆ ತರಕಾರಿ ತೂಗುವುದಲ್ಲ. ಬೆರಳ ಗಾತ್ರದ ಉಕ್ಕಿನ ಕಡ್ಡಿ, ಅದರ ಮೈಮೇಲೆ ಉಗುರಿಗಿಂತ ಸಣ್ಣ ಲೋಹದ ಪಟ್ಟಿಗಳನ್ನು ಅಂಟಿಸಿ ತಂತಿ ಎಳೆದಿರುತ್ತಾರೆ. ಮಾದರಿ ರಾಕೆಟ್ಟನ್ನು ಅದರ ತುದಿಗೆ ಸಿಕ್ಕಿಸಿ ಸುರಂಗದೊಳಗೆ ನಿಲ್ಲಿಸುತ್ತಾರೆ. ರಾಕೆಟ್ಟನ್ನು ಏನಾದರೂ ತಳ್ಳಿದರೆ ಕಡ್ಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಷ್ಟು ಬಾಗಿತೆಂದು ತಂತಿ ಲೆಕ್ಕ ಕೊಡುತ್ತದೆ. ಸುರಂಗವೂ ಅಷ್ಟೆ, ರೈಲು ಹೋಗುವಂಥದ್ದಲ್ಲ, ಉದ್ದನೆಯ ಉಕ್ಕಿನ ಕೊಳವೆ. ಒಂದು ತುದಿಯಲ್ಲಿ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತಾರೆ, ಇನ್ನೊಂದು ತುದಿಯ ದೊಡ್ಡ ತೊಟ್ಟಿಯಿಂದ ಇದ್ದಬದ್ದ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ಬರಿದು ಮಾಡುತ್ತಾರೆ. ನಡುವಿನ ಲೋಹದ ತಟ್ಟೆ ಒಡೆದುಕೊಂಡಾಗ ಗಾಳಿ ಶಬ್ದಕ್ಕಿಂತ ಏಳು ಪಟ್ಟು ವೇಗದಲ್ಲಿ ರಾಕೆಟ್ಟಿನ ಮೇಲೆ ನುಗ್ಗುತ್ತದೆ. ಎಷ್ಟು ಹೊತ್ತು ಅಂತೀರಿ, ನೀವು ರೆಪ್ಪೆ ಬಡಿಯಲು ಹೊರಟರೆ ಅದು ಅರ್ಧ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ. ಆ ಅರ್ಧ ರೆಪ್ಪೆಗಾಗಿ ಬೆಳಗಿನಿಂದ ಎಲ್ಲರೂ ತಯಾರಿ ನಡೆಸುತ್ತಾರೆ. ಅದಕ್ಕೆ ಅಲ್ಲಿಯವರು 'ಗುಂಡು' ಅನ್ನುತ್ತಾರೆ.

ಒಂದೊಂದು ಗುಂಡಿನಲ್ಲೂ ಜುರಂದಿರನ ತಕ್ಕಡಿ ಒಂದು ಅಂಕಿ ಹಿಡಿಯುತ್ತಿತ್ತು, ಎವರಿಸ್ಟೊನ ಕ್ಯಾಮೆರಾ ಒಂದು ಚಿತ್ರ ಹಿಡಿಯುತ್ತಿತ್ತು. ಕನ್ನಡಿ, ದೀಪಗಳನ್ನು ಹೂಡಿ ಅವನು ಗಾಳಿಯನ್ನೇ ಕಣ್ಣಿಗೆ ಕಾಣುವಂತೆ ಮಾಡುತ್ತಿದ್ದ. ರಾಕೆಟ್ಟಿನ ಮೂತಿಯಿಂದ ಎದ್ದ ಗಾಳಿಯ ಅಲೆ ಸೀರೆಯ ನೆರಿಗೆಯ ಹಾಗೆ ಹಿಂದಕ್ಕೆ ಇಳಿದಿರುವುದು ಚಿತ್ರದಲ್ಲಿ ಮೂಡುತ್ತಿತ್ತು. ಮಂತ್ರಿ ಬರಲಿ, ಶಾಲೆ ಮಕ್ಕಳು ಬರಲಿ, ಪತ್ರಿಕೆಯವರು ಬರಲಿ, ಎಲ್ಲರೂ ಚಿತ್ರದ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆಮೇಲೆ ಜುರಂದಿರನ ಕೋಣೆಗೆ ತಲೆ ಹಾಕಿ, ಕಾಗದದ ಮೇಲಿನ ಅಂಕುಡೊಂಕು ಗೆರೆ ನೋಡಿ, "ಇದೇನು ಹೃದಯದ ಪರೀಕ್ಷೆನಾ?" ಎಂದು ಕೇಳಿ ಹೋಗುತ್ತಿದ್ದರು. ಅವನ ಹೃದಯದ ಪರೀಕ್ಷೆ ನಿಜಕ್ಕೂ ಅಲ್ಲೇ ಆಗುತ್ತಿತ್ತು.

ಹೊಟ್ಟೆಕಿಚ್ಚು ಕೆಲಸದ ಜಾಗದಲ್ಲೇ ನಿಂತಿದ್ದರೆ ಹೇಗೋ ಸುಧಾರಿಸಬಹುದಿತ್ತು, ಅದು ಬಸ್ಸು ಹತ್ತಿ ಮನೆಗೂ ಬಂತು. ಜುರಂದಿರನ ಮದುವೆಯ ಫೋಟೊ ತೆಗೆದವನು ಎವರಿಸ್ಟೊ. ಅದರಲ್ಲಿ ಮಾರ್ಲೇನಿ ಬೆಳದಿಂಗಳ ಹಾಗಿದ್ದಾಳೆ, ಮದುಮಗನ ಕಣ್ಣು ಮಾತ್ರ ಮುಚ್ಚಿದೆ. ಮಗಳು ತಲಿತಾಳ ನಾಮಕರಣಕ್ಕೆ ಮಾರ್ಲೇನಿಯ ಹಟದಿಂದ ಎವರಿಸ್ಟೊನನ್ನೇ ಮಗುವಿನ ಧರ್ಮಪಿತನನ್ನಾಗಿ ನಿಲ್ಲಿಸಿದರು. ಅಪ್ಪನ ತೋಳಿನಲ್ಲಿ ಕಿರುಚಿ ಕಿರುಚಿ ಕೆಂಪಾಗಿದ್ದ ಮಗು ಅವನ ತೋಳಿಗೆ ಹೋದ ಕೂಡಲೇ ಬಾಯಿ ಮುಚ್ಚಿತು. ಅಂದಿನಿಂದ ಊರ ಪದ್ಧತಿಯಂತೆ ಇಬ್ಬರೂ ಒಬ್ಬರನ್ನೊಬ್ಬರು 'ಕಂಪಾದ್ರೆ' ಎಂದೇ ಕರೆಯಬೇಕಾಯಿತು. ಈ ನಂಟು ರಕ್ತದ ನಂಟಿಗಿಂತ ಗಟ್ಟಿ, ಜಗಳವಾಡಿ ಬಿಡಿಸಿಕೊಳ್ಳುವಂತಿಲ್ಲ. ಬೆಳಗಾದರೆ ಹೊಟ್ಟೆ ಉರಿಸುವವನನ್ನು ಬಾಯಿ ತುಂಬ ಕಂಪಾದ್ರೆ ಎಂದು ಕರೆಯುವ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಿಕ್ಕಿಲ್ಲ.

ಹೀಗೇ ಇಬ್ಬರ ತಲೆಯೂ ನರೆಯಿತು. ತಲಿತಾ ದೊಡ್ಡವಳಾಗಿ ಕ್ಯಾಂಪಿನಾಸಿನಲ್ಲಿ ಪಶುವೈದ್ಯಳಾದಳು. ಆ ಹೊತ್ತಿಗೆ ಬಂತು ಜೆಟ್ಟಿನ ಪರೀಕ್ಷೆ.

ಗಾಳಿ ತೆಳುವಾದ ಎತ್ತರದಲ್ಲಿ ರಾಕೆಟ್ಟನ್ನು ತಿರುಗಿಸಲು ರೆಕ್ಕೆ ಕೆಲಸಕ್ಕೆ ಬಾರದು. ಪಕ್ಕದ ಒಂದು ತೂತಿನಿಂದ ಅನಿಲವನ್ನು ಚಿಮ್ಮಿಸಿ ತಿರುಗಿಸಬೇಕು. ಆದರೆ ಚಿಮ್ಮಿದ ಜೆಟ್ಟು ಒಂಟಿಯಾಗಿರುವುದಿಲ್ಲ. ಎದುರಿನಿಂದ ನುಗ್ಗಿದ ಗಾಳಿ ಅದಕ್ಕೆ ಡಿಕ್ಕಿ ಹೊಡೆದು ಮುಂದೆ ಗುಡ್ಡೆ ಬಿದ್ದು ರಾಕೆಟ್ಟಿನ ಮೈಯನ್ನು ಒತ್ತುತ್ತದೆ, ಹಿಂದೆ ಟೊಳ್ಳು ಮಾಡುತ್ತದೆ. ಹಾಗಾಗಿ ಜೆಟ್ಟಿನ ಸ್ವಂತ ಬಲ ಹತ್ತಾದರೆ, ಗಾಳಿಯ ಜೊತೆ ಸೇರಿ ಅದು ಹನ್ನೊಂದೂ ಆಗಬಹುದು, ಒಂಬತ್ತೂ ಆಗಬಹುದು. ಎಷ್ಟು ಎಂದು ತಿಳಿಯಲು ಮೂರು ಬಗೆಯ ಪರೀಕ್ಷೆ ಬೇಕು. ಬರೀ ಗಾಳಿ, ಬರೀ ಜೆಟ್ಟು, ಆಮೇಲೆ ಎರಡೂ ಒಟ್ಟಿಗೆ. ಒಟ್ಟಿಗೆ ಬಂದದ್ದರಲ್ಲಿ ಮೊದಲೆರಡನ್ನು ಕಳೆದರೆ ಉಳಿಯುವುದು ಅವೆರಡರ ಜಗಳದ ಫಲ. ಸೊಸೆ ಒಂಟಿಯಾಗಿ ಹೇಗೆ, ಅತ್ತೆ ಒಂಟಿಯಾಗಿ ಹೇಗೆ ಎಂದು ಗೊತ್ತಿದ್ದರೆ ತಾನೇ ಒಂದೇ ಒಲೆಯ ಮುಂದೆ ಎಷ್ಟು ಹೆಚ್ಚಾಯಿತೆಂದು ಹೇಳಲು ಸಾಧ್ಯ.

ಹಿಂದಿನ ವರ್ಷ ಬರೀ ಜೆಟ್ಟಿನ ಬಲವನ್ನಷ್ಟೇ ಅಳೆದಾಗ ಇದೇ ರಾಕೆಟ್ಟಿಗೆ ಅನಿಲ ಹೋಗುತ್ತಿದ್ದುದು ಬದಿಯಿಂದ ಬಂದ ಗಟ್ಟಿ ಉಕ್ಕಿನ ಕೊಳವೆಯಲ್ಲಿ. ಈ ಸಲ ಪರೀಕ್ಷೆಗೆ ಮೊದಲು ಎವರಿಸ್ಟೊ ಮುಖ್ಯಸ್ಥೆ ಡಾಕ್ಟರ್ ಹೆಲೋಯಿಸಾರಲ್ಲಿ ಒಂದು ಮಾತು ಹಾಕಿದ. "ಡಾಕ್ಟ್ರೇ, ಆ ಕೊಳವೆ ನನ್ನ ಕ್ಯಾಮೆರಾದ ಕಿಟಕಿಗೆ ಅಡ್ಡ ಬರುತ್ತೆ. ಹಿಂದಿನಿಂದ ತಂದ್ರೆ ಜೆಟ್ಟು ಪೂರ್ತಿ ಕಾಣುತ್ತೆ." ಡಾಕ್ಟರು ಒಪ್ಪಿದರು. ಕೊಳವೆ ಬದಲಿಸುವ ಕೆಲಸ ಯಾರದು, ಜುರಂದಿರನದು.

"ಅವನ ಚಿತ್ರ ಚಂದ ಬರ್ಲಿ ಅಂತ ನನ್ನ ಕೊಳವೆ ಬಾಗಬೇಕು ನೋಡು," ಎಂದು ಮನೆಯಲ್ಲಿ ಗೊಣಗಿದ.

"ಕೊಳವೆ ತಾನೇ ಬಾಗೋದು, ನೀನಲ್ವಲ್ಲ," ಎಂದಳು ಮಾರ್ಲೇನಿ ಬೀನ್ಸ್ ಆರಿಸುತ್ತ.

ಅವನು ಒಂದು ಮೆತ್ತನೆಯ ಕೊಳವೆಯನ್ನು ರಾಕೆಟ್ಟಿನ ಬಾಲದ ಹಿಂದಿನಿಂದ ತಂದು, ತಕ್ಕಡಿಗೆ ಎಲ್ಲೂ ತಗುಲಬಾರದೆಂದು ಸ್ವಲ್ಪ ಸಡಿಲ ಬಿಟ್ಟು, ಕುಣಿಕೆಯ ಹಾಗೆ ಬಾಗಿಸಿ ಕೂಡಿಸಿದ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಮನಸ್ಸು ಅಚ್ಚುಕಟ್ಟಾಗಿರಲಿಲ್ಲ.

ಬರೀ ಗಾಳಿಯ ಗುಂಡು ಆಯಿತು. ಎರಡೂ ಸೇರಿದ ಗುಂಡಿನ ದಿನ ಬಂತು. ಆ ಬೆಳಗ್ಗೆ ಎವರಿಸ್ಟೊ ಕಾಫಿ ಲೋಟ ಹಿಡಿದು ತಕ್ಕಡಿಯ ಕೋಣೆಯ ಬಾಗಿಲಿಗೆ ಒರಗಿದ.

"ಕಂಪಾದ್ರೆ, ಬರೀ ಜೆಟ್ಟಿಂದು ಈ ಸಲ ಇನ್ನೂ ಮಾಡಿಲ್ಲ ಅಲ್ವಾ. ತೊಟ್ಟಿ ಬರಿದು ಮಾಡಿ ಒಂದು ಸಲ ಜೆಟ್ಟು ಬಿಟ್ಟುಬಿಡೋಣ. ನಿಂಗೆ ಅಂಕಿ ಸಿಗುತ್ತೆ, ನಂಗೊಂದು ಚಿತ್ರ ಸಿಗುತ್ತೆ. ಗಾಳಿನೇ ಇಲ್ಲದ ಕಡೆ ಜೆಟ್ಟು ಹೆಂಗೆ ಬಿಚ್ಚಿಕೊಳ್ಳುತ್ತೋ ನೋಡ್ಬೇಕು ಅಂತ ಎಷ್ಟು ವರ್ಷದ ಆಸೆ ಗೊತ್ತಾ."

ಜುರಂದಿರನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಇನ್ನೊಂದು ಚಿತ್ರ. ಇನ್ನೊಂದು ಚೌಕಟ್ಟು, ಅದರ ಮುಂದೆ ಇನ್ನಷ್ಟು ಬಾಯಿಗಳು.

"ತೊಟ್ಟಿ ಬರಿದಾಗೋಕೆ ಒಂದು ಬೆಳಗ್ಗೆ ಪೂರ್ತಿ ಬೇಕು," ಎಂದ ತಲೆಯೆತ್ತದೆ. "ಬರೀ ಜೆಟ್ಟಿನ ಅಂಕಿ ಹೋದ ವರ್ಷದ್ದು ಇದೆ. ಅದೇ ತೂತು, ಅದೇ ಅನಿಲ. ನಿನ್ನ ಆಸೆಗೆಲ್ಲ ಪಂಪು ತಿರುಗಿಸ್ತಾ ಕೂರೋಕೆ ಆಗಲ್ಲ."

"ಕೊಳವೆ ಬದಲಾಯ್ತಲ್ಲ."

"ಕೊಳವೆ ನಂದು. ನೀನು ಕಿಟಕಿ ಒರೆಸ್ಕೋ ಹೋಗು."

ಎವರಿಸ್ಟೊ ನಕ್ಕು ನಿಜವಾಗಿಯೂ ಕಿಟಕಿ ಒರೆಸಲು ಹೋದ. ಅವನ ಈ ಗುಣವೇ ಜುರಂದಿರನಿಗೆ ಹೆಚ್ಚು ಉರಿಸುತ್ತಿದ್ದುದು. ಬೈದರೆ ತಿರುಗಿ ಬೈಯುವವನ ಜೊತೆ ಹೇಗಾದರೂ ಬಾಳಬಹುದು.

ಗುಂಡು ಹೊಡೆದರು. ಜುರಂದಿರ್ ಲೆಕ್ಕ ಹಾಕಿದ, ಹೋದ ವರ್ಷದ ಬರೀ ಜೆಟ್ಟಿನ ಅಂಕಿಯನ್ನು ಕಳೆದ, ಉಳಿದದ್ದು ನೋಡಿ ಕುರ್ಚಿಯಿಂದ ಎದ್ದು ಮತ್ತೆ ಕೂತ. ಜೆಟ್ಟಿನ ಸ್ವಂತ ಬಲ ಹತ್ತಾದರೆ ಗಾಳಿಯ ಜೊತೆ ಅದು ಹದಿನೆಂಟಾಗಿತ್ತು. ಡಾಕ್ಟರ್ ಹೆಲೋಯಿಸಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮರುವಾರ ಅದೇ ಜೋಡಣೆಯಲ್ಲಿ ಇನ್ನೊಂದು ಗುಂಡು ಹೊಡೆಸಿದರು. ಮತ್ತೆ ಹದಿನೆಂಟೇ ಬಂತು. ರಾಕೆಟ್ಟಿನವರಿಗೆ ಹಬ್ಬವಾಯಿತು. ಇಷ್ಟು ಬಲ ಪುಕ್ಕಟೆ ಸಿಗುವುದಾದರೆ ಅನಿಲದ ದೊಡ್ಡ ಸಿಲಿಂಡರನ್ನು ಹೊರುವ ಅಗತ್ಯವಿಲ್ಲ, ಸಣ್ಣದು ಸಾಕು, ಮುಂದಿನ ವರ್ಷವೇ ಹಾರಿಸಬಹುದು. ಪ್ರಯೋಗಾಲಯದ ಓಣಿಯಲ್ಲಿ ಜನ ಜುರಂದಿರನ ಬೆನ್ನು ತಟ್ಟತೊಡಗಿದರು. "ಹದಿನೆಂಟು" ಎಂಬುದೇ ಅವನಿಗೆ ಅಡ್ಡಹೆಸರಾಯಿತು. ಏಪ್ರಿಲ್ ಸಭೆಯಲ್ಲಿ ಎಲ್ಲರ ಮುಂದೆ ನಿಂತು ಅವನೇ ಇದನ್ನು ಹೇಳಬೇಕೆಂದು ಡಾಕ್ಟರು ತೀರ್ಮಾನಿಸಿದರು. ಇಷ್ಟು ವರ್ಷಗಳಲ್ಲಿ ಅವನು ಸಭೆಯಲ್ಲಿ ನಿಂತದ್ದು ಕುರ್ಚಿ ಸಾಲದೆ ಹೋದಾಗ ಮಾತ್ರ.

ಅದೇ ವಾರ ಕ್ಯಾಂಟೀನಿನಲ್ಲಿ ಎವರಿಸ್ಟೊ ಮೆಲ್ಲಗೆ ಹೇಳಿದ. "ಕಂಪಾದ್ರೆ, ನನ್ನ ಚಿತ್ರದಲ್ಲಿ ಜೆಟ್ಟಿನ ಮುಂದಿನ ಗುಡ್ಡೆ ಅಷ್ಟೇನೂ ದೊಡ್ಡದಾಗಿಲ್ಲ ಕಣೋ. ಹದಿನೆಂಟು ಅಂದ್ರೆ ಇನ್ನೂ ದಪ್ಪ ಇರ್ಬೇಕಿತ್ತೇನೋ."

ಜುರಂದಿರನಿಗೆ ಆದ ಸಂತೋಷ ಹೇಳತೀರದು. ಸಂಜೆ ಸಂತೆಯಿಂದ ಎಣ್ಣೆಯಲ್ಲಿ ಕರಿದ ಬಿಸಿ ಪಾಸ್ತೆಲ್ ಕಟ್ಟಿಸಿಕೊಂಡು ಮನೆಗೆ ಬಂದ.

"ಕೊನೆಗೂ ಅವನಿಗೂ ಹೊಟ್ಟೆ ಉರೀತು ಕಣೆ ಮಾರ್ಲೇನಿ."

"ಯಾರಿಗೆ, ಎವರಿಸ್ಟೊಗಾ? ಸುಮ್ನಿರು. ಕಾಮಾಲೆ ಆದವನ ಕಣ್ಣಿಗೆ ಊರೆಲ್ಲ ಹಳದಿ," ಎಂದು ಅವಳು ಪಾಸ್ತೆಲ್ ಕಚ್ಚಿದಳು.

ಸುಖ ಡಿಸೆಂಬರಿನವರೆಗೆ ನಡೆಯಿತು. ಆ ತಿಂಗಳು ಪ್ರಯೋಗಾಲಯದ ಹೊಸ ಕ್ಯಾಲೆಂಡರ್ ಅಚ್ಚಾಗಿ ಬಂತು. ಹನ್ನೆರಡು ತಿಂಗಳು, ಹನ್ನೆರಡು ಚಿತ್ರ, ಪ್ರತಿ ಚಿತ್ರದ ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎವರಿಸ್ಟೊನ ಹೆಸರು. ಹದಿನೆಂಟರ ಸುದ್ದಿ ಎಲ್ಲೂ ಇಲ್ಲ, ಅಂಕಿಯನ್ನು ಯಾರು ಗೋಡೆಗೆ ಹಾಕುತ್ತಾರೆ. ಮಾರ್ಲೇನಿ ಫ್ರಿಡ್ಜಿನ ಮೇಲಿದ್ದ ಅಪರೆಸಿದಾ ಮಾತೆಯ ಕ್ಯಾಲೆಂಡರನ್ನು ಮಲಗುವ ಕೋಣೆಗೆ ಸಾಗಿಸಿ, ಇದನ್ನು ಆ ಜಾಗಕ್ಕೆ ತಂದು, ಗ್ಯಾಸ್ ಅಂಗಡಿಯವರು ಕೊಟ್ಟ ಆಯಸ್ಕಾಂತದ ಬಿಲ್ಲೆಯಿಂದ ಒತ್ತಿದಳು.

"ಮಾತೆಯನ್ನ ತೆಗೆದು ಇವನನ್ನ ಕೂರಿಸ್ತೀಯಾ? ಪಾಪ ಬರುತ್ತೆ," ಎಂದ ಜುರಂದಿರ್.

"ಮಾತೆಗೆ ಹೊಟ್ಟೆಕಿಚ್ಚಿಲ್ಲ," ಎಂದಳು ಅವಳು.

ಅಂದಿನಿಂದ ಬೆಳಗಿನ ಕಾಫಿ ಕಹಿಯಾಯಿತು. ಅವನು ಫ್ರಿಡ್ಜಿಗೆ ಬೆನ್ನು ಹಾಕಿ ಕೂರತೊಡಗಿದ. ಕೂರುವ ಮೊದಲು, ಯಾರೂ ನೋಡದಾಗ, ಬಿಲ್ಲೆಯನ್ನು ಸರಿಸಿ ಮೂಲೆಯ ಹೆಸರನ್ನು ಮುಚ್ಚುತ್ತಿದ್ದ. ಮಧ್ಯಾಹ್ನ ಮಾರ್ಲೇನಿ ಅದನ್ನು ಮತ್ತೆ ಮೇಲಕ್ಕೆ ಸರಿಸುತ್ತಿದ್ದಳು. ಗಂಡಹೆಂಡಿರು ಈ ವಿಷಯ ಒಂದು ದಿನವೂ ಮಾತಾಡಲಿಲ್ಲ. ಚಿತ್ರಗಳನ್ನು ಮಾತ್ರ ಅವನು ಕಣ್ಣೆತ್ತಿ ನೋಡಲಿಲ್ಲ.

ಮಾರ್ಚಿಯ ಒಂದು ಬೆಳಗ್ಗೆ ಗ್ಯಾಸ್ ಲಾರಿ ತನ್ನ ಹಾಡು ನುಡಿಸುತ್ತ ಬೀದಿಗೆ ಬಂತು. ಮಾರ್ಲೇನಿ ಒಲೆಯ ಮುಂದಿನಿಂದಲೇ ಕೂಗಿದಳು. "ಜುರಾ, ಹಿಂದಿನ ಸಿಲಿಂಡರ್ ಯಾವತ್ತು ತಗೊಂಡಿದ್ದು ನೋಡು. ಫೆಬ್ರವರಿ ಹಾಳೇಲಿ ಗೀಟು ಹಾಕಿದೀನಿ. ಬೇಗ, ಲಾರಿ ಹೋಗುತ್ತೆ."

ಅವನು ಹಿಂದಕ್ಕೆ ಮಡಚಿದ್ದ ಫೆಬ್ರವರಿಯ ಹಾಳೆ ಇಳಿಸಿ ನೋಡಿದ, ಅದನ್ನು ಎತ್ತಿ ಮಾರ್ಚಿ ನೋಡಿದ, ಮತ್ತೆ ಇಳಿಸಿದ. ಗೀಟು ಹುಡುಕುವುದು ಮರೆತುಹೋಯಿತು. ಫೆಬ್ರವರಿಯದು ಬರೀ ಗಾಳಿಯ ಗುಂಡು, ಮಾರ್ಚಿಯದು ಎರಡೂ ಸೇರಿದ್ದು. ರಾಕೆಟ್ಟು ಅದೇ, ಕಿಟಕಿ ಅದೇ. ಚಿತ್ರದ ಎಡಮೂಲೆಯಲ್ಲಿ, ಬಾಲದ ಹಿಂದೆ, ಕಪ್ಪು ನೆರಳಾಗಿ ಅವನ ಮೆತ್ತನೆಯ ಕೊಳವೆ. ಫೆಬ್ರವರಿಯಲ್ಲಿ ಅದು ಒಣಹಾಕಿದ ಹಗ್ಗದಂತೆ ಜೋತುಬಿದ್ದಿತ್ತು. ಮಾರ್ಚಿಯಲ್ಲಿ, ಒಳಗೆ ಅನಿಲ ತುಂಬಿದಾಗ, ಅದೇ ಕುಣಿಕೆ ಸೆಟೆದುಕೊಂಡು, ನೆಟ್ಟಗಾಗಲು ಹೋಗಿ, ರಾಕೆಟ್ಟಿನ ಬಾಲವನ್ನು ಒತ್ತಿ ಹಿಡಿದಿತ್ತು.

"ಯಾವತ್ತಂತೆ?" ಎಂದಳು ಮಾರ್ಲೇನಿ.

ಅವನು ಸೀದಾ ಹಿತ್ತಲಿಗೆ ಹೋದ. ಸೊಪ್ಪಿನ ಮಡಿಗೆ ನೀರು ಬಿಡುವ ಕೊಳವೆ ಸುರುಳಿಯಾಗಿ ಬಿದ್ದಿತ್ತು. ಅದರ ತುದಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ನಲ್ಲಿ ತಿರುಗಿಸಿದ. ಕೊಳವೆ ಉಬ್ಬಿ, ಸುರುಳಿ ಬಿಚ್ಚಿ ಎಗರಿ ಅವನ ಮೊಣಕಾಲಿಗೆ ಹೊಡೆಯಿತು. ಅಷ್ಟೂ ಜನ ಹಾಡಿ ಹೊಗಳಿದ ಆ ಹೆಚ್ಚಿನ ಬಲದಲ್ಲಿ ಬಹುಪಾಲು ಗಾಳಿಯದೂ ಅಲ್ಲ, ಜೆಟ್ಟಿನದೂ ಅಲ್ಲ, ಈ ಕೊಳವೆಯದು. ಹೋದ ವರ್ಷದ ಗಟ್ಟಿ ಕೊಳವೆಗೆ ಈ ಚಾಳಿ ಇರಲಿಲ್ಲ. ಅಂದು ಎವರಿಸ್ಟೊ ಬೇಡಿದ ಬರೀ ಜೆಟ್ಟಿನ ಪರೀಕ್ಷೆ ಮಾಡಿದ್ದರೆ ಕೊಳವೆಯ ಒತ್ತು ಅದರಲ್ಲೂ ಕಂಡು, ಕಳೆಯುವಾಗ ತಾನೇ ಹೋಗಿಬಿಡುತ್ತಿತ್ತು. ಒಂದು ಚಿತ್ರ ಸಿಗಬಾರದೆಂದು ಒಂದು ಬೆಳಗು ಉಳಿಸಿದ್ದ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒದ್ದೆ ಪ್ಯಾಂಟಿನಲ್ಲಿ ಅವನು ಮೆಟ್ಟಿಲ ಮೇಲೆ ಕೂತ. ಗ್ಯಾಸ್ ಲಾರಿ ಹಾಡುತ್ತ ಮುಂದಿನ ಬೀದಿಗೆ ಹೋಯಿತು.

ಹೇಳಿದರೆ ಹದಿನೆಂಟು ಹೋಗುತ್ತದೆ. ಬೆನ್ನು ತಟ್ಟಿದ ಕೈಗಳೆಲ್ಲ ಹಿಂದಕ್ಕೆ ಹೋಗುತ್ತವೆ. ಹೇಳದಿದ್ದರೆ ರಾಕೆಟ್ಟಿನವರು ಸಣ್ಣ ಸಿಲಿಂಡರ್ ಹೊತ್ತು ಹಾರುತ್ತಾರೆ, ಮೇಲೆ ಹೋಗಿ ತಿರುಗಬೇಕಾದಾಗ ರಾಕೆಟ್ಟು ತಿರುಗುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಜುರಂದಿರ್ ಕೆಟ್ಟವನಲ್ಲ. ಆದರೂ ಹತ್ತು ದಿನ ಬಾಯಿ ಬಿಡಲಿಲ್ಲ. ಬದುಕಿನಲ್ಲಿ ಮೊದಲ ಸಲ ಸಿಕ್ಕ ಹೊಗಳಿಕೆಯನ್ನು ತನ್ನ ಕೈಯಾರೆ ವಾಪಸು ಕೊಡುವುದು ಎಷ್ಟು ಕಷ್ಟವೆಂದು, ಸದಾ ಹೊಗಳಿಸಿಕೊಂಡವರಿಗೆ ಗೊತ್ತಾಗುವುದಿಲ್ಲ.

ಆಗ ತಲಿತಾಳ ಹುಟ್ಟುಹಬ್ಬ ಬಂತು. ಅವಳು ಕ್ಯಾಂಪಿನಾಸಿನಿಂದ ಬಂದಳು. ಧರ್ಮಪಿತ ಎವರಿಸ್ಟೊ ಪೇರಲೆ ಹಣ್ಣಿನ ಮಿಠಾಯಿ ಹಿಡಿದು ಊಟಕ್ಕೆ ಬಂದ. ಸುಟ್ಟ ಕೋಳಿ, ಮ್ಯಾಕರೋನಿ ಎಲ್ಲ ಮುಗಿದು, ನೀರು ಕುಡಿಯಲು ಫ್ರಿಡ್ಜಿನ ಹತ್ತಿರ ಹೋದವನು ಕ್ಯಾಲೆಂಡರಿನ ಮುಂದೆ ನಿಂತ. ಮಾರ್ಚಿಯ ಹಾಳೆ ನೋಡಿದ. ಹಿಂದಿನ ಫೆಬ್ರವರಿಯನ್ನು ಇಳಿಸಿ ನೋಡಿದ. ಮೆಲ್ಲನೆ ಮತ್ತೆ ಹಿಂದಕ್ಕೆ ಮಡಚಿ, ಬಿಲ್ಲೆಯನ್ನು ಸರಿಯಾಗಿ ಒತ್ತಿ, ಜುರಂದಿರನ ಕಡೆ ಒಮ್ಮೆ ನೋಡಿದ.

"ಕಂಪಾದ್ರೆ, ಇನ್ನೊಂದಿಷ್ಟು ಕಾಫಿ ಇದೆಯಾ?" ಎಂದ.

ಇವನಿಗೆ ಗೊತ್ತು. ಜುರಂದಿರ್ ಕಾಫಿ ಬಗ್ಗಿಸುತ್ತಲೇ ಲೆಕ್ಕ ಹಾಕಿದ. ಎಂದಿನಿಂದಲೋ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾನೆ, ಯಾಕೆ? ಸಭೆಗಾಗಿ ಕಾಯುತ್ತಿದ್ದಾನೆ. ತಾನು ಹದಿನೆಂಟು ಎಂದು ಎದೆ ಉಬ್ಬಿಸಿದಾಗ ಎದ್ದು ನಿಂತು, ಆ ಮೃದು ದನಿಯಲ್ಲಿ, "ಕಂಪಾದ್ರೆ, ಆ ಕೊಳವೆ ಸ್ವಲ್ಪ ನೋಡ್ತೀಯಾ" ಎನ್ನುತ್ತಾನೆ. ಎಲ್ಲರೂ ಮತ್ತೆ ಅವನ ಚಿತ್ರದ ಮುಂದೆ ಬಾಯಿ ಬಿಡುತ್ತಾರೆ. ಹತ್ತು ದಿನ ನ್ಯಾಯ, ಧರ್ಮ, ರಾಕೆಟ್ಟು ಯಾವುದರಿಂದಲೂ ಬಾರದ ಧೈರ್ಯ ಆ ಒಂದು ಯೋಚನೆಯಿಂದ ಬಂತು. ಮಾನ ಹೋದರೂ ಚಿಂತೆಯಿಲ್ಲ, ಅದನ್ನು ಕಳೆಯುವ ಖುಷಿ ಎವರಿಸ್ಟೊನಿಗೆ ಸಿಗಕೂಡದು.

ಸಭೆಯ ಬೆಳಗ್ಗೆ ಮಾರ್ಲೇನಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಅವನು ಮೊದಲು ಡಾಕ್ಟರ್ ಹೆಲೋಯಿಸಾರಿಗೆ ಹೇಳಬೇಕೆಂದೇ ಹೋದ. ಅವರು ಅತಿಥಿಗಳ ನಡುವೆ ಸಿಕ್ಕಿಬಿದ್ದಿದ್ದರು. "ಏನಿದ್ರೂ ಮೇಲೆ ನಿಂತೇ ಹೇಳಿ ಜುರಂದಿರ್, ಅದಕ್ಕೇ ತಾನೇ ನಿಮ್ಮನ್ನ ಕರೆದಿರೋದು," ಎಂದು ನಕ್ಕು ಮುಂದೆ ಹೋದರು. ಸಭಾಂಗಣ ತುಂಬಿತ್ತು. ಎವರಿಸ್ಟೊ ಮೂರನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಎಲ್ಲರಿಗೂ ನಮಸ್ಕಾರ," ಎಂದ ಜುರಂದಿರ್. "ನೀವೆಲ್ಲ ಹದಿನೆಂಟು ಕೇಳೋಕೆ ಬಂದಿದೀರಿ. ಆ ಹದಿನೆಂಟು ಸುಳ್ಳು. ಅದು ಜೆಟ್ಟಿನ ಬಲ ಅಲ್ಲ. ನಾನು ಹಿಂದಿನಿಂದ ತಂದ ಕೊಳವೆ ಅನಿಲ ತುಂಬಿದಾಗ ಸೆಟೆದುಕೊಂಡು ಬಾಲ ತಳ್ಳಿದೆ. ಬರೀ ಜೆಟ್ಟಿನ ಪರೀಕ್ಷೆ ಹೊಸದಾಗಿ ಮಾಡಿದ್ರೆ ಆವತ್ತೇ ಗೊತ್ತಾಗ್ತಿತ್ತು. ನಾನು ಮಾಡ್ಲಿಲ್ಲ. ಹಳೇ ಅಂಕಿ ಹಾಕಿ ಕಳೆದುಬಿಟ್ಟೆ. ಸಣ್ಣ ಸಿಲಿಂಡರ್ ಹಾಕ್ಬೇಡಿ."

ಪಿಸುಮಾತು ಎದ್ದಿತು. ಡಾಕ್ಟರು ಕನ್ನಡಕ ತೆಗೆದರು, ಒರೆಸಲಿಲ್ಲ. "ಯಾಕೆ ಮಾಡ್ಲಿಲ್ಲ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಎವರಿಸ್ಟೊ ಎದ್ದು ನಿಂತ.

"ಡಾಕ್ಟ್ರೇ, ಇದು ಇವನೊಬ್ಬನ ತಪ್ಪಲ್ಲ. ಕೊಳವೆ ಹಿಂದಿನಿಂದ ತನ್ನಿ ಅಂತ ಹೇಳಿದ್ದೇ ನಾನು. ಕ್ಯಾಲೆಂಡರ್ ಅಚ್ಚಿಗೆ ಕಳಿಸೋವಾಗ ಎರಡೂ ಚಿತ್ರ ಪಕ್ಕಪಕ್ಕ ಇಟ್ಟಾಗ ನಂಗೆ ಕೊಳವೆ ಕಂಡಿತ್ತು. ಇವನಿಗೆ ಹೇಳೋಣ ಅಂತ ಬಾಗಿಲ ತನಕ ಹೋಗ್ತಿದ್ದೆ, ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಇಷ್ಟು ವರ್ಷದಲ್ಲಿ ಇವನು ನಗ್ತಾ ಕೆಲಸಕ್ಕೆ ಬಂದಿದ್ದು ಈ ಆರು ತಿಂಗಳು ಮಾತ್ರ. ಎರಡು ಹಾಳೆ ಒಂದರ ಹಿಂದೆ ಒಂದು ಹಾಕಿಸಿದೆ, ಮನೇಲಿ ಕಣ್ಣಿಗೆ ಬೀಳುತ್ತೆ, ತಾನೇ ಕಂಡುಕೊಳ್ತಾನೆ ಅಂತ. ಇವತ್ತೂ ಹೇಳದಿದ್ರೆ ನಾಳೆ ನಾನೇ ನಿಮ್ಮ ಹತ್ರ ಬರೋನಿದ್ದೆ. ತಪ್ಪಲ್ಲಿ ಅರ್ಧ ನಂದು."

ಸಭೆಯ ಕಣ್ಣುಗಳೆಲ್ಲ ಎವರಿಸ್ಟೊನ ಕಡೆ ತಿರುಗಿದವು. ಮುದುಕಿ ಪ್ರೊಫೆಸರೊಬ್ಬರು "ಪಾಪ, ಎಂಥ ಗೆಳೆಯ" ಎಂದದ್ದು ವೇದಿಕೆಯವರೆಗೂ ಕೇಳಿಸಿತು. ಜುರಂದಿರನ ಹೊಟ್ಟೆಯೊಳಗೆ, ನಾಚಿಕೆಯ ಜೊತೆಗೆ, ಕೃತಜ್ಞತೆಯ ಜೊತೆಗೆ, ಆ ಹಳೆಯ ಕಿಚ್ಚು ಧಗ್ಗೆಂದು ಎದ್ದಿತು. ಮದುವೆಯ ಫೋಟೊದಲ್ಲಿ ಕಣ್ಣು ಹೋಯಿತು, ಮಗು ಅವನ ತೋಳಿಗೆ ಹೋಯಿತು, ಫ್ರಿಡ್ಜು ಹೋಯಿತು. ಈಗ ತಪ್ಪಿನಲ್ಲೂ ಅರ್ಧ ಪಾಲು ಬೇಕಂತೆ.

"ಕೂತ್ಕೋ ಕಂಪಾದ್ರೆ," ಎಂದ. "ಚಿತ್ರ ನಿಂದು, ಕ್ಯಾಲೆಂಡರ್ ನಿಂದು, ನಮ್ಮನೆ ಫ್ರಿಡ್ಜೂ ನಿಂದೇ. ಈ ತಪ್ಪು ಒಂದು ನಂದು. ಇದರಲ್ಲಿ ಪಾಲು ಕೊಡಲ್ಲ." ಆಮೇಲೆ ಡಾಕ್ಟರ ಕಡೆ ತಿರುಗಿದ. "ಯಾಕೆ ಮಾಡ್ಲಿಲ್ಲ ಅಂದ್ರಲ್ಲ. ಬರೀ ಜೆಟ್ಟಿನ ಪರೀಕ್ಷೆ ಮಾಡೋಣ ಅಂತ ಇವನು ಕೇಳಿದ್ದ. ಮಾಡಿದ್ರೆ ಇವನಿಗೆ ಒಂದು ಒಳ್ಳೇ ಚಿತ್ರ ಸಿಗುತ್ತೆ ಅಂತ ಗೊತ್ತಿತ್ತು. ಸಿಗಬಾರದು ಅಂತ ಮಾಡ್ಲಿಲ್ಲ. ಅಷ್ಟೇ ಕಾರಣ."

ಯಾರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಮೊದಲು ನಕ್ಕವನು ಎವರಿಸ್ಟೊ, ಅದೂ ಮುಖ ಮುಚ್ಚಿಕೊಂಡು. ಅವನು ಅಳುತ್ತಿದ್ದಾನೋ ಎಂದು ಪಕ್ಕದವರು ಬಗ್ಗಿ ನೋಡಿದರು. ರಾಕೆಟ್ಟಿನವರ ಮುಖಂಡ ತನ್ನ ಕಾಗದದ ಮೇಲೆ ಸಣ್ಣ ಸಿಲಿಂಡರಿಗೆ ಗೀಟು ಹೊಡೆದ.

ಆ ಶುಕ್ರವಾರ ತೊಟ್ಟಿಯ ಪಂಪು ತಿರುಗಿತು. ಕೊಳವೆಗೆ ಜುರಂದಿರ್ ಮೂರು ಕಡೆ ಹಿಡಿಕೆ ಹಾಕಿ ಅಲುಗದಂತೆ ಬಿಗಿದಿದ್ದ. ತೊಟ್ಟಿ ಬರಿದಾಗುವ ತನಕ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬೆಣ್ಣೆ ಹಚ್ಚಿದ ಬನ್ನು ತಿಂದರು, ಫುಟ್‌ಬಾಲ್ ತಂಡಕ್ಕೆ ಬೈದರು. ಜೆಟ್ಟು ಬಿಟ್ಟರು. ಎಲ್ಲ ಗುಂಡುಗಳನ್ನೂ ಹೊಸದಾಗಿ ಹೊಡೆದ ಮೇಲೆ ಬಂದ ಅಂಕಿ ಹತ್ತಕ್ಕೆ ಹನ್ನೊಂದೂವರೆ. ಅದಕ್ಕೆ ಯಾರೂ ಬೆನ್ನು ತಟ್ಟಲಿಲ್ಲ. ಡಾಕ್ಟರ್ ಹೆಲೋಯಿಸಾ ಅವನನ್ನು ತಕ್ಕಡಿಯ ಕೋಣೆಯಿಂದ ತೆಗೆಯಲೂ ಇಲ್ಲ. ಇನ್ನು ಮೇಲೆ ಬರೀ ಜೆಟ್ಟಿನ ಪರೀಕ್ಷೆ ಬಿಡಕೂಡದೆಂದು ಮಾತ್ರ ಗೋಡೆಗೆ ಬರೆಸಿ ಹಾಕಿದರು. ಅಲ್ಲಿಯವರು ಈಗಲೂ ಅದನ್ನು 'ಜುರಂದಿರನ ಗುಂಡು' ಅನ್ನುತ್ತಾರೆ, ಯಾಕೆ ಆ ಹೆಸರೆಂದು ಹೊಸಬರಿಗೆ ಗೊತ್ತಿಲ್ಲ.

ಚಿತ್ರ ಮಾತ್ರ ಎವರಿಸ್ಟೊ ಆಸೆಪಟ್ಟ ಹಾಗೇ ಬಂದಿತ್ತು. ಎದುರುಗಾಳಿಯೇ ಇಲ್ಲದ ಬರಿದಿನಲ್ಲಿ ಜೆಟ್ಟು ಎಲ್ಲ ಕಡೆಗೂ ಬಿಚ್ಚಿಕೊಂಡು ದೊಡ್ಡ ದಾಸವಾಳದ ಹಾಗೆ ಅರಳಿತ್ತು. ಮುಂದಿನ ವರ್ಷದ ಕ್ಯಾಲೆಂಡರಿನ ಜನವರಿಗೆ ಅದೇ ಬಂತು. ಮಾರ್ಲೇನಿ ಫ್ರಿಡ್ಜಿಗೆ ಹಾಕಿ, ಎಡಮೂಲೆಯಲ್ಲಿ ಬಿಲ್ಲೆ ಒತ್ತಿದಳು.

"ಅಲ್ಲಿ ಬೇಡ," ಎಂದ ಜುರಂದಿರ್ ಕಾಫಿ ಲೋಟ ಇಟ್ಟು.

"ಯಾಕೆ, ಅಲ್ಲೇನಿದೆ?"

"ಕೊಳವೆ ಇದೆ. ಮೂರು ಹಿಡಿಕೆ ಕಾಣುತ್ತಲ್ಲ, ಅದು ನಂದು."

ಅವಳು ಕಣ್ಣು ಕಿರಿದು ಮಾಡಿ ನೋಡಿ, "ಹೌದಾ, ಚೆನ್ನಾಗಿದೆ," ಎಂದು ಹಿತ್ತಲಿಗೆ ಹೋದಳು. ಅವನು ಎದ್ದು ಬಿಲ್ಲೆಯನ್ನು ಕಿತ್ತು ಬಲಮೂಲೆಗೆ ಒಯ್ದ, ಎವರಿಸ್ಟೊನ ಹೆಸರಿನ ಮೇಲೆ ಇಟ್ಟ. ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಬೆರಳ ತುದಿಯಿಂದ ಬಿಲ್ಲೆಯನ್ನು ಮೆಲ್ಲಮೆಲ್ಲನೆ ಪಕ್ಕಕ್ಕೆ ತಳ್ಳುತ್ತ ಹೋಗಿ, ಕೊನೆಯ ಒಂದು ಅಕ್ಷರ ಮಾತ್ರ ಮುಚ್ಚಿರುವಂತೆ ನಿಲ್ಲಿಸಿದ. ಅಷ್ಟು ಸಾಕೆನಿಸಿತು, ಫ್ರಿಡ್ಜಿಗೆ ಮುಖ ಮಾಡಿ ಕೂತು ಕಾಫಿ ಕುಡಿದ.